ದೇವರು ಕೊಟ್ಟರೂ ಹಬ್ ಕೊಡದು

"ಅಮ್ಮಾ, ಮನೆಗೆ 144 ಬಂತು" ಎಂದೆ. ಹುರುಳಿಕಾಯಿಯ ನಾರು ಬಿಡಿಸುತ್ತಿದ್ದ ಅಮ್ಮ ತಲೆಯೆತ್ತಿ, "ಯಾಕೋ, ಎಲ್ಲಿ ಗಲಾಟೆ?" ಎಂದಳು.

ಅವಳ ತಪ್ಪೇನಿಲ್ಲ. ಅವಳ ಕಾಲದವರಿಗೆ 144 ಎಂದರೆ ಬೀದಿಯಲ್ಲಿ ಗುಂಪು ನಿಲ್ಲಬಾರದು, ಅಂಗಡಿಯ ಬಾಗಿಲು ಅರ್ಧ ಇಳಿದಿರಬೇಕು, ಮಗ ಕಾಲೇಜಿನಿಂದ ನೆಟ್ಟಗೆ ಮನೆಗೆ ಬರಬೇಕು. 2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಗೆ ಬಂದು ಆ ನಿಷೇಧಾಜ್ಞೆ ಕಲಂ 163ಕ್ಕೆ ವರ್ಗವಾಗಿದೆ. ಇನ್ನೆರಡೇ ಹೆಜ್ಜೆ ಮುಂದೆ ಹೋಗಿ 165 ಆಗಿದ್ದರೆ ಆ ಸಂಖ್ಯೆಗೂ ಮಾರುಕಟ್ಟೆಯಲ್ಲಿ ಒಂದು ಮಾನಿಟರ್ ಇತ್ತು.

"ಅದಲ್ಲಮ್ಮ, ಮಾನಿಟರ್. ಇಪ್ಪತ್ತೇಳು ಇಂಚಿಂದು, ಫೋರ್ ಕೆ. ಲ್ಯಾಪ್‌ಟಾಪಿಗೆ ಸಿಕ್ಕಿಸೋದು. ಒಂದು ಸೆಕೆಂಡಿಗೆ ನೂರಾ ನಲವತ್ನಾಲ್ಕು ಸಲ ಚಿತ್ರ ಹೊಸದಾಗಿ ಬರೆಯತ್ತೆ. ಮಾಮೂಲಿನವು ಅರವತ್ತೇ ಸಲ."

"ಅಷ್ಟು ಸಲ ಬರೆದು ಏನು ತೋರಿಸತ್ತೆ?"

"ಎಕ್ಸೆಲ್" ಎಂದೆ.

ಅಮ್ಮ ಹುರುಳಿಕಾಯಿಗೆ ಮರಳಿದಳು.

ಇದನ್ನು ಕೊಂಡದ್ದು ಎಸ್.ಪಿ. ರೋಡಿನಲ್ಲಿ. ಅಂಗಡಿಯಾತ ಎರಡು ಮಾನಿಟರ್ ಅಕ್ಕಪಕ್ಕ ಇಟ್ಟು, ಮೌಸ್ ಹಿಡಿದು ಬಾಣದ ಗುರುತನ್ನು ಮಂಗಳಾರತಿ ಎತ್ತುವಂತೆ ಸುತ್ತ ಆಡಿಸಿದ. "ನೋಡಿ ಸಾರ್, ಅರವತ್ತರಲ್ಲಿ ಹದಿನಾರು ಮಿಲಿಸೆಕೆಂಡಿಗೊಂದು ಚಿತ್ರ. ಇದರಲ್ಲಿ ಏಳರೊಳಗೇ ಒಂದು. ಒಂದ್ಸಲ ಇದನ್ನ ನೋಡಿದ ಕಣ್ಣಿಗೆ ಅರವತ್ತು ಹಿಡಿಸಲ್ಲ." ನಾನು ತಲೆಯಾಡಿಸಿದೆ. ತಲೆಯಾಡಿಸದೆ ಗತಿಯಿರಲಿಲ್ಲ. ಕಾಫಿಯಲ್ಲಿ ಚಿಕೋರಿ ಎಷ್ಟೆಂದು ಮೂಸಿಯೇ ಹೇಳುವವರ ಪಂಕ್ತಿಯಲ್ಲಿ ಕೂತು "ನನಗೇನೂ ಗೊತ್ತಾಗಲಿಲ್ಲ" ಎನ್ನುವುದುಂಟೆ?

ಮಾನಿಟರಿಗೆ ನಲವತ್ತು ಸಾವಿರದ ಹತ್ತಿರ ಕೊಟ್ಟೆ. ಲ್ಯಾಪ್‌ಟಾಪಿಗೂ ಅದಕ್ಕೂ ನಡುವೆ ಒಂದು ಹಬ್ ಇದ್ದರೆ ಅನುಕೂಲ ಎಂದ. ಒಂದು ಕಡೆ ಟೈಪ್ ಸಿ ಬಾಲ, ಇನ್ನೊಂದು ಕಡೆ ಏಳು ತೂತು. ಒಂಬೈನೂರು ರೂಪಾಯಿ. ನಲವತ್ತು ಸಾವಿರದ ದೇವರ ಮುಂದೆ ಒಂಬೈನೂರು ರೂಪಾಯಿಯ ಪೂಜಾರಿಯನ್ನು ಕೂರಿಸಿಕೊಂಡು ಮನೆಗೆ ಬಂದೆ.

ಮುಂದಿನ ಎಂಟು ತಿಂಗಳು ನನ್ನ ಜೀವನದ ಅತ್ಯಂತ ನಯವಾದ ದಿನಗಳು. ಬಂದವರಿಗೆಲ್ಲ ಕಿಟಕಿಗಳನ್ನು ಅತ್ತಿಂದಿತ್ತ ಎಳೆದು ತೋರಿಸಿದೆ. "ಬೆಣ್ಣೆ ಮೇಲೆ ಜಾರಿದ ಹಾಗೆ ಇದೆ, ಅಲ್ವಾ?" ಎಲ್ಲರೂ ಹೌದೆಂದರು. ಆಫೀಸಿನಲ್ಲಿ ಪಕ್ಕದ ಮೇಜಿನವನ ಹಳೆಯ ಮಾನಿಟರ್ ನೋಡಿ, "ಇನ್ನೂ ಅರವತ್ತರಲ್ಲೇ ಇದ್ದೀಯಾ? ಕಣ್ಣು ನೋಯಲ್ವೇನಪ್ಪಾ?" ಎಂದು ಮರುಗಿದೆ. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಮಾವನವರೊಬ್ಬರು ಮಾತ್ರ ಗೋಡೆಯ ಸಾಕೆಟ್ಟನ್ನೊಮ್ಮೆ, ಮಾನಿಟರನ್ನೊಮ್ಮೆ ನೋಡಿ, "ಶರಾವತಿಯಿಂದ ಬರೋದೇ ಐವತ್ತು ಸೈಕಲ್ಲು. ನಿಮ್ಮ ಮನೇಲಿ ಅದು ನೂರಾ ನಲವತ್ನಾಲ್ಕು ಹ್ಯಾಗಾಯ್ತು ಅಳಿಯಂದಿರೇ?" ಎಂದು ಕೇಳಿದರು. ಹಳೆಯ ಕಾಲದವರೆಂದು ನಕ್ಕು ಸುಮ್ಮನಾದೆ.

ದಸರಾ ರಜೆಗೆ ಅಕ್ಕನ ಮಗ ಬಂದ. ಒಂಬತ್ತನೇ ಕ್ಲಾಸು. ಮೀಸೆ ಇನ್ನೂ ಮೂಡಿಲ್ಲ, ಅಭಿಪ್ರಾಯಗಳು ಮೂಡಿವೆ. ಕುರ್ಚಿಯಲ್ಲಿ ಕೂತು ಮೌಸ್ ಎರಡು ಸುತ್ತು ಸುತ್ತಿಸಿದವನೇ ಹುಬ್ಬು ಗಂಟಿಕ್ಕಿದ. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂದು ಗರ್ಭಗುಡಿಯವರೆಗೂ ಚಪ್ಪಲಿ ಹಾಕಿಕೊಂಡೇ ಹೋದ.

"ಮಾಮ, ಇದು ಮೂವತ್ತರಲ್ಲಿ ಓಡ್ತಿದೆ."

"ನೂರಾ ಮೂವತ್ತರಲ್ಲಾ?" ಎಂದೆ, ಹದಿನಾಲ್ಕು ಎಲ್ಲಿ ಸೋರಿತು ಎಂಬ ಆತಂಕದಲ್ಲಿ.

"ಬರೀ ಮೂವತ್ತು. ನಿನ್ನ ಲ್ಯಾಪ್‌ಟಾಪಿನ ಸ್ವಂತ ಸ್ಕ್ರೀನೇ ಅರವತ್ತು ಇದೆ."

ಅಂದರೆ ಎಂಟು ತಿಂಗಳಿಂದ ನಾನು ಮರುಗುತ್ತಿದ್ದ ಆ ಪಕ್ಕದ ಮೇಜಿನವನು ನನಗಿಂತ ಎರಡು ಪಟ್ಟು ಶ್ರೀಮಂತನಾಗಿದ್ದ. ಹಬ್ಬದ ಮನೆಯಲ್ಲಿ ಒಂದು ಕ್ಷಣ ಎಲ್ಲ ನಿಂತುಹೋಯಿತು. ಮೂವತ್ತರಲ್ಲಿ ಅಂಥ ಕ್ಷಣ ಇನ್ನೂ ಉದ್ದ.

ಹುಡುಗ ಪಾಠ ಶುರುಮಾಡಿದ. ಫೋರ್ ಕೆ ಪರದೆಯಲ್ಲಿ ಅಡ್ಡ 3,840, ಉದ್ದ 2,160, ಒಟ್ಟು ಸುಮಾರು 83 ಲಕ್ಷ ಚುಕ್ಕೆ. ಒಂದೊಂದು ಚುಕ್ಕೆಗೂ ಬಣ್ಣಕ್ಕೆಂದು 24 ಬಿಟ್. ಇಷ್ಟನ್ನೂ ಸೆಕೆಂಡಿಗೆ 30 ಸಲ ಸಾಗಿಸಿದರೆ ಹೆಚ್ಚುಕಡಿಮೆ 6 ಗಿಗಾಬಿಟ್, 60 ಸಲಕ್ಕೆ 12, 144 ಸಲಕ್ಕೆ 28ರ ಮೇಲೆ. ಟೈಪ್ ಸಿ ಕೇಬಲ್ಲಿನೊಳಗೆ ಈ ಓಟಕ್ಕೆಂದು ನಾಲ್ಕು ವೇಗದ ಓಣಿಗಳಿವೆ. ನಾಲ್ಕನ್ನೂ ಚಿತ್ರಕ್ಕೇ ಬಿಡಬಹುದು. ಹಬ್ ಏನು ಮಾಡುತ್ತದೆ? ಎರಡನ್ನು ಚಿತ್ರಕ್ಕೆ ಬಿಟ್ಟು, ಇನ್ನೆರಡನ್ನು ಯಾರೋ ಒಂದು ದಿನ ಪೆನ್‌ಡ್ರೈವ್ ಸಿಕ್ಕಿಸಿಯಾರು ಎಂದು ಕಾದಿರಿಸುತ್ತದೆ. ಉಳಿದೆರಡು ಓಣಿಯಲ್ಲಿ ಹಳೆಯ ವೇಗದ ಲೆಕ್ಕದಲ್ಲಿ ಎಂಟೂವರೆ ಗಿಗಾಬಿಟ್ ದಾಟಬಹುದು. ಮೂವತ್ತಕ್ಕೆ ಧಾರಾಳ, ಅರವತ್ತಕ್ಕೆ ಸಾಲದು.

ನನ್ನ ಹಬ್ಬಿಗೆ ಸಿಕ್ಕಿಸಿದ್ದು ಒಂದು ಮೌಸಿನ ಡಾಂಗಲ್ ಮಾತ್ರ. ಅದು ಓಡುವುದು ಬೇರೆಯೇ ಹಳೆಯ ತಂತಿಯಲ್ಲಿ, ಆ ವೇಗದ ಓಣಿಗಳಿಗೆ ಅದು ಕಾಲೂ ಇಟ್ಟಿಲ್ಲ. ಬೆಂಗಳೂರಿನವನಾಗಿ ನನಗೆ ಇದು ತಟ್ಟನೆ ಅರ್ಥವಾಗಬೇಕಿತ್ತು. ಅರ್ಧ ರಸ್ತೆ ಬಂದೋಬಸ್ತಿನಲ್ಲಿದೆ, ಮಂತ್ರಿಗಳು ಊರಲ್ಲೇ ಇಲ್ಲ, ಉಳಿದರ್ಧದಲ್ಲಿ ನಾನು ಹಾರ್ನ್ ಹೊಡೆಯುತ್ತಿದ್ದೇನೆ.

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಯನ್ನು ಕಟ್ಟಿದವರು ಟೈಪ್ ಸಿ ಕಂಡವರಲ್ಲ. ಆದರೂ ಅದರ ತಾಂತ್ರಿಕ ವಿವರಣೆ ಇಷ್ಟು ಚೊಕ್ಕವಾಗಿ ಇನ್ನಾವ ಕೈಪಿಡಿಯಲ್ಲೂ ಇಲ್ಲ. ಕೈಪಿಡಿಯಲ್ಲಿ ಇದ್ದದ್ದು ಹಿಂಬದಿಯ ಪುಟದಲ್ಲಿ, ಸಾಸಿವೆಯ ಗಾತ್ರದ ಅಕ್ಷರದಲ್ಲಿ: ಫೋರ್ ಕೆ, 30 ಹರ್ಟ್ಸ್. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಫೋರ್ ಕೆ ಮಾತ್ರ ಇತ್ತು. ಸುಳ್ಳು ಹೇಳಿರಲಿಲ್ಲ. ಮದುವೆ ಬ್ರೋಕರು ಹುಡುಗನಿಗೆ ಸ್ವಂತ ಮನೆ ಇದೆ ಎಂದು ಹೇಳಿ, ಆ ಮನೆಯಲ್ಲಿ ನಾಲ್ಕು ಅಣ್ಣತಮ್ಮಂದಿರಿದ್ದಾರೆ ಎಂಬುದನ್ನು ನುಂಗಿಕೊಂಡಿದ್ದ, ಅಷ್ಟೆ.

ಹಬ್ ಕಿತ್ತೆವು. ಲ್ಯಾಪ್‌ಟಾಪಿನಲ್ಲೇ ಎಚ್‌ಡಿಎಂಐ ತೂತಿತ್ತು. ನೇರ ಸಿಕ್ಕಿಸಿದರೆ 60 ಬಂತು. ಎಂಟು ತಿಂಗಳು ಯಾವ ಸ್ಥಿತಿಯನ್ನು ನೋಡಿ ಮರುಗಿದ್ದೆನೋ ಅಲ್ಲಿಗೆ ಬಡ್ತಿ ಪಡೆದೆ. "ಇದು 2.0 ಇರಬೇಕು. 2.1 ಆಗಿದ್ರೆ ಬರೋದು" ಎಂದ ಹುಡುಗ. ನೋಡೋಣವೆಂದರೆ ತೂತಿನ ಪಕ್ಕ ಯಾವ ಸಂಖ್ಯೆಯೂ ಇಲ್ಲ. ಇದ್ದರೂ ಉಪಯೋಗವಿರಲಿಲ್ಲ ಎಂದು ಆಮೇಲೆ ತಿಳಿಯಿತು.

2013ರಲ್ಲಿ ಬಂದ ಎಚ್‌ಡಿಎಂಐ 2.0 ಸೆಕೆಂಡಿಗೆ 18 ಗಿಗಾಬಿಟ್‌ನದು. 2017ರಲ್ಲಿ ಬಂದ 2.1ರದು 48. ಇಷ್ಟೇ ಆಗಿದ್ದರೆ ಬಡವರೂ ಬದುಕಬಹುದಿತ್ತು. ಲೈಸೆನ್ಸ್ ಕೊಡುವ ಸಂಸ್ಥೆ 2021ರಲ್ಲಿ ಕೊಟ್ಟ ಸ್ಪಷ್ಟನೆ ಹೀಗಿತ್ತು: 2.0 ಎಂಬುದು ಇನ್ನಿಲ್ಲ, ಅದು 2.1ರೊಳಗೇ ಲೀನವಾಗಿದೆ, 2.1ರ ಹೊಸ ಸಾಮರ್ಥ್ಯಗಳೆಲ್ಲ ಐಚ್ಛಿಕ. ಎಸ್ಸೆಸ್ಸೆಲ್ಸಿ ಮುಗಿಸಿದವರನ್ನೆಲ್ಲ ಇನ್ನು ಮುಂದೆ ಪದವೀಧರರೆಂದೇ ಕರೆಯತಕ್ಕದ್ದು, ಪದವಿ ಮಾತ್ರ ಐಚ್ಛಿಕ ಎಂದು ವಿಶ್ವವಿದ್ಯಾಲಯವೇ ಸುತ್ತೋಲೆ ಹೊರಡಿಸಿದ ಹಾಗೆ.

ಯುಎಸ್‌ಬಿಯವರು ಇದರಲ್ಲಿ ಇನ್ನೂ ಹಿರಿಯರು. 2008ರಲ್ಲಿ 3.0 ಎಂದು ಬಂದದ್ದು 5 ಗಿಗಾಬಿಟ್‌ನ ಒಂದು ರಸ್ತೆ. 2013ರಲ್ಲಿ ಅದಕ್ಕೆ 3.1 ಜೆನ್ 1 ಎಂದು ಮರುನಾಮಕರಣವಾಯಿತು. 2017ರಲ್ಲಿ 3.2 ಜೆನ್ 1 ಎಂದಾಯಿತು. ರಸ್ತೆ ಅದೇ, ವೇಗ ಅದೇ 5. ನಮ್ಮ ಊರು ಕೂಡ 2014ರ ನವೆಂಬರ್ 1ರಂದು ಅಧಿಕೃತವಾಗಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಆಯಿತು. ಆದರೆ ಹೆಸರು ಬದಲಾದ ಮಾತ್ರಕ್ಕೆ ಗುಂಡಿ ಮುಚ್ಚಿತು ಎಂದು ಯಾರೂ ಡಬ್ಬಿಯ ಮೇಲೆ ಅಚ್ಚು ಹಾಕಿಸಲಿಲ್ಲ.

ಅದೇ 2014ರಲ್ಲಿ ಹುಟ್ಟಿದ್ದು ಟೈಪ್ ಸಿ. ಎಲ್ಲಕ್ಕೂ ಒಂದೇ ಮೂತಿ, ತಲೆಕೆಳಗು ಎಂಬ ಭಯವಿಲ್ಲ, ಜಾತಿಭೇದವಿಲ್ಲ. ಹೊರಗಿನಿಂದ ನೋಡಿದರೆ ಸರ್ವಸಮಾನತೆ, ಒಳಗೆ ಹೋದರೆ ಯಥಾಪ್ರಕಾರ. ಒಂದು ಕೇಬಲ್ ಚಿತ್ರ ಒಯ್ಯುತ್ತದೆ, ಇನ್ನೊಂದು ಬರೀ ಚಾರ್ಜು. ನನ್ನ ಫೋನಿನ ಜೊತೆ ಬಂದ ದಪ್ಪನೆಯ ಬಿಳಿ ಕೇಬಲ್ಲನ್ನು ಆಸೆಯಿಂದ ಸಿಕ್ಕಿಸಿದೆ. ಪರದೆ ಕಪ್ಪಗೇ ಕೂತಿತ್ತು. ಅದರೊಳಗೆ ವೇಗದ ಓಣಿಗಳೇ ಇಲ್ಲವಂತೆ. ಲ್ಯಾಪ್‌ಟಾಪಿನ ಎಡಗಡೆ ಟೈಪ್ ಸಿ ತೂತು ಎರಡಿವೆ, ಅವಳಿಗಳ ಹಾಗೆ. ಒಂದಕ್ಕೆ ಚಿತ್ರ ಕೊಡಲು ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಗುರುತು ಹಿಡಿಯಲು ಟಾರ್ಚ್ ಹಾಕಿ, ಕನ್ನಡಕ ತೆಗೆದು, ಮೂಗು ತಾಗಿಸಿ ನೋಡಿದರೆ ಒಂದರ ಪಕ್ಕದಲ್ಲಿ ಇರುವೆಯ ತಲೆಯಷ್ಟು ಒಂದು 'ಡಿ' ಅಕ್ಷರ ಕಂಡಿತು. ಹೆರಿಗೆ ವಾರ್ಡಿನಲ್ಲಿ ಕೂಸಿನ ಕೈಗೆ ಕಟ್ಟುವ ಚೀಟಿ ಇದಕ್ಕಿಂತ ದೊಡ್ಡದಿರುತ್ತದೆ.

ಹಿಂದಿನ ತೂತುಗಳು ಎಷ್ಟೇ ಒರಟಾಗಿದ್ದರೂ ಪ್ರಾಮಾಣಿಕ. ಹೊಂದದ ಪಿನ್ನನ್ನು ಒಳಗೇ ಬಿಡುತ್ತಿರಲಿಲ್ಲ. ಈಗ ಎಲ್ಲವೂ ಒಳಗೆ ಹೋಗುತ್ತದೆ, ಟಕ್ಕೆಂದು ಕೂರುತ್ತದೆ, ಏನೂ ಆಗುವುದಿಲ್ಲ. ಕಚೇರಿಗಳಲ್ಲಿ ನಮ್ಮ ಅರ್ಜಿಯನ್ನು ನಗುನಗುತ್ತಾ ತೆಗೆದುಕೊಳ್ಳುವವರ ಹಾಗೆ.

ಮತ್ತೆ ಎಸ್.ಪಿ. ರೋಡ್. ಈ ಸಲ ಟೈಪ್ ಸಿಯಿಂದ ನೇರ ಡಿಸ್‌ಪ್ಲೇಪೋರ್ಟಿಗೆ ಹೋಗುವ ಕೇಬಲ್. ಅಂಗಡಿಯಾತ ನನ್ನ ಗುರುತು ಹಿಡಿದ. "ಹಬ್‌ನಲ್ಲಿ ಹಾಕಿದ್ರಾ ಸಾರ್? ಹಬ್‌ನಲ್ಲಿ ಯಾರಾದ್ರೂ 144 ಹಾಕ್ತಾರಾ?" ಎಂದು ನನ್ನನ್ನೇ ಗದರಿಸಿದ. ಕೊಟ್ಟವನು ಅವನೇ. ಆದರೆ ಅವನ ಮುಖದಲ್ಲಿದ್ದ ನಿಜವಾದ ನೋವು ನೋಡಿ ನಾನೇ ಕ್ಷಮೆ ಕೇಳಿ ಬಂದೆ.

ಕೇಬಲ್ ಸಿಕ್ಕಿಸಿದೆವು. ಆಗಲೂ 60. ಬೇಡಿದರಷ್ಟೇ ವರ ಕೊಡುವುದು ವಿಂಡೋಸಿನ ನಿಯಮವಾಗಿತ್ತು. ಮತ್ತದೇ ಗರ್ಭಗುಡಿಗೆ ಹೋಗಿ ಪಟ್ಟಿಯಲ್ಲಿ ಕೈಯಾರೆ ಆರಿಸಬೇಕು. ಪಟ್ಟಿಯಲ್ಲಿ 144 ಇರಲೇ ಇಲ್ಲ. ಮಾನಿಟರಿನ ಬೆನ್ನ ಹಿಂದಿನ ಗುಂಡಿ ಒತ್ತಿ, ಅದರ ಸ್ವಂತ ಮೆನುವಿನಲ್ಲಿ ಡಿಸ್‌ಪ್ಲೇಪೋರ್ಟ್ 1.2 ಎಂದಿದ್ದುದನ್ನು 1.4 ಮಾಡಿದ ಮೇಲೆ ಬಂತು. ಅಂದರೆ ಮಾನಿಟರ್ ತನ್ನ ಹಣೆಯ ಮೇಲೆ 144 ಎಂದು ಬರೆಸಿಕೊಂಡು, ತಾನೇ ಅದಕ್ಕೆ ಬೀಗ ಹಾಕಿಕೊಂಡು ಕಾರ್ಖಾನೆಯಿಂದ ಹೊರಟಿತ್ತು. ಪೂಜಾರಿಗಳನ್ನೆಲ್ಲ ದಾಟಿ ಒಳಗೆ ಹೋದರೆ ದೇವರೇ ಕದ ಹಾಕಿಕೊಂಡಿದ್ದ!

ಇನ್ನೊಂದು ಗುಟ್ಟು. 2016ರ ಡಿಸ್‌ಪ್ಲೇಪೋರ್ಟ್ 1.4ರ ನಾಲ್ಕೂ ಓಣಿ ತೆರೆದರೂ ಚಿತ್ರಕ್ಕೆಂದು ದಕ್ಕುವುದು 25.92 ಗಿಗಾಬಿಟ್. ನಮಗೆ ಬೇಕಾದ್ದು 28ರ ಮೇಲೆ. ಹಾಗಿದ್ದೂ ಹೇಗೆ ಬಂತು? ದಾರಿಯಲ್ಲಿ ಚಿತ್ರವನ್ನು ಹಿಂಡಿ ಸಣ್ಣದು ಮಾಡಿ, ಈಚೆ ದಡದಲ್ಲಿ ಬಿಡಿಸುತ್ತಾರೆ. ಇದರಿಂದ ನಷ್ಟವಿಲ್ಲವೇ ಎಂದರೆ, ಕಣ್ಣಿಗೆ ಕಾಣುವ ನಷ್ಟವಿಲ್ಲ ಎನ್ನುತ್ತದೆ ಮಾನದಂಡ. ನಮ್ಮ ಹಾಲಿನವಳೂ ಇಷ್ಟೇ ಎಚ್ಚರಿಕೆಯಿಂದ ಮಾತಾಡುತ್ತಾಳೆ. ನೀರು ಬೆರೆಸಿಲ್ಲ ಎಂದು ಒಂದು ದಿನವೂ ಅಂದಿಲ್ಲ, ಕುಡಿದು ನೋಡಿ ಎನ್ನುತ್ತಾಳೆ.

ಅಂತೂ 144 ಬಂತು. ಬಂದದ್ದೇ ತಡ ಲ್ಯಾಪ್‌ಟಾಪಿನ ಫ್ಯಾನು ಅಡುಗೆಮನೆಯ ಗ್ರೈಂಡರಿಗೆ ಶ್ರುತಿ ಹಿಡಿಯಿತು. "ರೀ, ಇಡ್ಲಿಗೆ ನೆನೆಸಿಲ್ವಲ್ಲ, ಏನು ರುಬ್ಬುತ್ತಿದೀರಾ?" ಎಂದಳು ಹೆಂಡತಿ. ಹುಡುಗ ತನ್ನ ಬಂದೂಕಿನ ಆಟ ಹಾಕಿದ. ನ್ಯಾಯವಾಗಿ ಹೇಳಬೇಕೆಂದರೆ ಈ ಮಾನಿಟರುಗಳು ಹುಟ್ಟಿದ್ದೇ ಅಂಥವರಿಗಾಗಿ. ಮೂಲೆಯಿಂದ ಇಣುಕುವ ಶತ್ರು ಒಂಬತ್ತು ಮಿಲಿಸೆಕೆಂಡ್ ಮೊದಲು ಕಂಡರೆ ಅವರಿಗೆ ಜೀವ ಉಳಿಯುತ್ತದೆ. ಆದರೆ ಆಫೀಸಿನವರು ಕೊಟ್ಟ ನನ್ನ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪು ಫೋರ್ ಕೆಯಲ್ಲಿ ಸೆಕೆಂಡಿಗೆ ಇಪ್ಪತ್ತು ಚಿತ್ರ ಬಿಡಿಸುವಷ್ಟರಲ್ಲಿ ಏದುಸಿರು ಬಿಟ್ಟಿತು. ಒಂದೇ ಪಂಕ್ತಿಗೆ 144 ಎಲೆ ಹಾಸಿದ್ದಾರೆ, ಬಡಿಸುವವನು ಒಬ್ಬನೇ, ಅವನ ಕೈಯಲ್ಲಿರುವುದು ಕೋಸಂಬರಿಯ ಸಣ್ಣ ಬಟ್ಟಲು.

ಆಟ ಬಿಟ್ಟು ಸಿನಿಮಾ ಹಾಕಿದೆವು. 1972ರ 'ಬಂಗಾರದ ಮನುಷ್ಯ'. ಸಿನಿಮಾ ಅಂದಿನಿಂದ ಇಂದಿನವರೆಗೂ ಸೆಕೆಂಡಿಗೆ 24 ಚೌಕಟ್ಟಿನದು. ಆ ಇಪ್ಪತ್ನಾಲ್ಕರಲ್ಲೇ ರಾಜ್‌ಕುಮಾರ್ ಬಂಜರು ಭೂಮಿ ಉತ್ತರು, ಬೆಳೆ ತೆಗೆದರು, ಊರು ಬಿಟ್ಟು ಹೊರಟರು, ನಮ್ಮನ್ನೂ ಅಳಿಸಿದರು. 144ರ ಪರದೆ ಇದಕ್ಕೆ ಏನು ಮಾಡುತ್ತದೆ? ಒಂದೊಂದು ಚೌಕಟ್ಟನ್ನೂ ಆರಾರು ಸಲ ತೋರಿಸುತ್ತದೆ. ಒಂದು ದೃಶ್ಯ ಸಿಕ್ಕರೆ ಅದನ್ನೇ ತಿರುತಿರುಗಿ ತೋರಿಸಲು ನಮ್ಮಲ್ಲಿ ಆಗಲೇ ಸುದ್ದಿ ವಾಹಿನಿಗಳಿವೆ, ಅದಕ್ಕೆ ಪ್ರತ್ಯೇಕ ಮಾನಿಟರ್ ಬೇಕಾಗಿರಲಿಲ್ಲ.

ಇನ್ನು ನನ್ನ ಅಸಲು ಕಸುಬು, ಮೀಟಿಂಗು. ವಿಡಿಯೊ ಕರೆಯಲ್ಲಿ ಎದುರಿನವರ ಮುಖ ಸಾಮಾನ್ಯವಾಗಿ ಸೆಕೆಂಡಿಗೆ 30ರ ಮೇಲೆ ಬರುವುದಿಲ್ಲ. ಮ್ಯಾನೇಜರರು ಸ್ಲೈಡ್ ಹಂಚಿಕೊಂಡರೆ ಲೆಕ್ಕ ಮತ್ತೂ ಇಳಿಯುತ್ತದೆ. "ಎಲ್ಲರಿಗೂ ನನ್ನ ಸ್ಕ್ರೀನ್ ಕಾಣ್ತಿದೆಯಾ?" ಎಂಬ ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ನನ್ನ ಮಾನಿಟರ್ ಅದೇ ನಿಶ್ಚಲ ಸ್ಲೈಡನ್ನು ಸಾವಿರಕ್ಕೂ ಹೆಚ್ಚು ಸಲ ಹೊಸದಾಗಿ ಬರೆದಿರುತ್ತದೆ. ಕಳೆದ ತ್ರೈಮಾಸಿಕದ ಗುರಿ ಯಾಕೆ ಮುಟ್ಟಲಿಲ್ಲ ಎಂಬ ಆ ಸ್ಲೈಡು ಇಷ್ಟು ಶ್ರದ್ಧೆಯಿಂದ ಬರೆಸಿಕೊಂಡದ್ದು ಇದೇ ಮೊದಲು.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ. ಅದೇ ಗ್ರಹಚಾರ. ಉದ್ದನೆಯ ಪುಟವನ್ನು ಸರಿಸುವಾಗ ಅಕ್ಷರಗಳು ಕದಡದೆ, ಓದುವ ಹಾಗೇ ಸರಿಯುತ್ತವೆ. ಬಾಣದ ಗುರುತು ಹಾರಿಹಾರಿ ಬೀಳದೆ ನಡೆದುಕೊಂಡು ಬರುತ್ತದೆ. ನಿಜವಾದ 144 ನೋಡಿದ ಮೂರನೇ ದಿನ ಆಫೀಸಿಗೆ ಹೋಗಿ ಅಲ್ಲಿನ 60ರ ಮುಂದೆ ಕೂತರೆ ಎತ್ತಿನಗಾಡಿ ಹತ್ತಿದ ಹಾಗಾಯಿತು. ಅಂಗಡಿಯಾತನ ಮಾತು ನಿಜವಾಯಿತು. ಎಂಟು ತಿಂಗಳು ಆ ಮಾತು ಸುಳ್ಳಾಗಿದ್ದಾಗ ನಾನು ಎಷ್ಟು ಸುಖವಾಗಿದ್ದೆ! ಆಗ ಕಣ್ಣಿಗೆ ಸಿಗುತ್ತಿದ್ದದ್ದು ಮೂವತ್ತು, ಮಿಕ್ಕ ನೂರಾ ಹದಿನಾಲ್ಕನ್ನು ರಸೀದಿ ತುಂಬಿಕೊಡುತ್ತಿತ್ತು. ಈಗ ಕಣ್ಣಿಗೇ ನೂರಾ ನಲವತ್ನಾಲ್ಕೂ ಸಿಗುತ್ತಿದೆ, ಮನಸ್ಸು ಮಾತ್ರ 240ರದು ಎಷ್ಟಾಗಬಹುದು ಎಂದು ವಿಚಾರಿಸುತ್ತಿದೆ. ಹುಡುಗ ಊರಿಗೆ ಹೊರಡುವಾಗ, "ಮಾಮ, ನಿನ್ನ ಲ್ಯಾಪ್‌ಟಾಪ್ ಬದಲಾಯಿಸು, ಮಾನಿಟರ್ ವೇಸ್ಟ್ ಆಗ್ತಿದೆ" ಎಂದು ಆಶೀರ್ವಾದ ಮಾಡಿ ಹೋದ. ಜುಟ್ಟಿಗೆ ಮಲ್ಲಿಗೆ ಮುಡಿಸಿಯಾಯಿತು, ಈಗ ಆ ಮಲ್ಲಿಗೆಗೆ ಒಪ್ಪುವ ತಲೆ ತರಬೇಕಂತೆ.

ಅಮ್ಮನಿಗೆ ಮಾತ್ರ ಏನೂ ಕಾಣಲಿಲ್ಲ. 30, 60, 144 ಮೂರನ್ನೂ ಒಂದಾದ ಮೇಲೊಂದು ತೋರಿಸಿದೆ. ಕಿಟಕಿ ಎಳೆದೆ, ಪುಟ ಸರಿಸಿದೆ, ಆರತಿ ಎತ್ತಿದೆ. "ಎಲ್ಲ ಒಂದೇ ಕಣೋ" ಎಂದಳು. ಕಣ್ಣಿನ ಪೊರೆಯ ಆಪರೇಷನ್ ಆಗಿ ಆರು ತಿಂಗಳಾಗಿತ್ತು, ದೃಷ್ಟಿ ನನಗಿಂತ ಚುರುಕು. ಅವಳ ಹತ್ತಿರ ಇಲ್ಲದೇ ಇದ್ದದ್ದು ರಸೀದಿ.

ನವೆಂಬರ್ ಬಂತು. ಅಮ್ಮ ಪಿಂಚಣಿದಾರಳು. ತಾನಿನ್ನೂ ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಸರ್ಕಾರವನ್ನು ನಂಬಿಸುವ ತಿಂಗಳು ಅದು. ಪ್ರಮಾಣಪತ್ರ ಕೊಟ್ಟು ಬಂದಾಗಿತ್ತು. ಅದು ಸೇರಿತೋ ಇಲ್ಲವೋ ನೋಡು ಎಂದು ನನ್ನ ಕೋಣೆಗೆ ಬಂದು ಪಕ್ಕದಲ್ಲಿ ಕುರ್ಚಿ ಎಳೆದು ಕೂತಳು. ಜಾಲತಾಣ ತೆರೆದು, ಸಂಖ್ಯೆ ಹಾಕಿ ಒತ್ತಿದೆ. ಪರದೆಯ ನಟ್ಟನಡುವೆ ಒಂದು ನೀಲಿ ಚಕ್ರ ಮೂಡಿ ತಿರುಗತೊಡಗಿತು. ದಯವಿಟ್ಟು ಕಾಯಿರಿ. ಕಾದೆವು. ಫ್ಯಾನು ರುಬ್ಬುತ್ತಿತ್ತು. ಹೆಂಡತಿ ಕಾಫಿ ತಂದಿಟ್ಟಳು, ಕುಡಿದೆವು, ಲೋಟ ಆರಿತು. ಚಕ್ರ ತಿರುಗುತ್ತಲೇ ಇತ್ತು, 83 ಲಕ್ಷ ಚುಕ್ಕೆಗಳ ನಡುವೆ, ಸೆಕೆಂಡಿಗೆ 144 ಸಲ ಹೊಸದಾಗಿ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಾಗಿದಳು. ಮೊದಲ ಬಾರಿಗೆ ಅವಳ ಮುಖದಲ್ಲಿ ನನ್ನ ಮಾನಿಟರಿನ ಬಗ್ಗೆ ಮೆಚ್ಚುಗೆ ಮೂಡಿತು.

"ಹೌದಲ್ವೋ! ಎಷ್ಟು ನಯವಾಗಿ ತಿರುಗತ್ತೆ ನೋಡು. ಒಂಚೂರೂ ತಡೆಯೋದೇ ಇಲ್ಲ."